ಎರಡು ದೇವರ ನಾಲ್ಕು ಟೈರು

ಜ್ಯೇಷ್ಠ ಮುಗಿಯುತ್ತ ಬಂದಿತ್ತು. ಜರ್ದಾಳು ಹಣ್ಣಾಗಿ ಅಂಗಳಕ್ಕೆ ಉದುರುವ ಕಾಲ. ಸೇಬಿನ ಕಾಯಿ ಇನ್ನೂ ನೆಲ್ಲಿಕಾಯಿಯಷ್ಟು. ಬೆಳಗಿನ ಬಿಸಿಲು ಎದುರು ಬೆಟ್ಟದ ನೆತ್ತಿಯಿಂದ ಇಳಿದು ಅದರ ನಡುವಿಗೆ ಬಂದಿತ್ತು, ಬಾಹಲೀಧಾರಿನ ಮನೆಗಳನ್ನು ಇನ್ನೂ ಮುಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಖಿಮಿ ತಲೆಗೆ ವಸ್ತ್ರ ಬಿಗಿದು, ಬೆನ್ನಿಗೆ ಬುಟ್ಟಿ ಏರಿಸಿ, ಗಂಡನ ಪಿಕಪ್ ಗಾಡಿಯ ಮೂತಿಯನ್ನು ಸುತ್ತಿಕೊಂಡು ಕೆಳಗಿನ ಡಾಂಬರು ರಸ್ತೆಗೆ ನಡೆದು ಹೊರಟಳು. ಗಾಡಿ ಅಲ್ಲೇ ನಿಂತಿತ್ತು. ಗಂಡನೂ ಅಲ್ಲೇ ನಿಂತಿದ್ದ. ಅವಳು ಗಾಡಿಯನ್ನೂ ದಾಟಿ ಹೋದಳು, ಗಂಡನನ್ನೂ ದಾಟಿ ಹೋದಳು.

ಚಹಾದಂಗಡಿಯ ಬೆಂಚಿನ ಮೇಲಿದ್ದವರು ಇದನ್ನು ದಿನಾ ನೋಡುತ್ತಿದ್ದರು. ದಿನಾ ನೋಡಿದರೂ ಅವರಿಗೆ ಹಳಸಿರಲಿಲ್ಲ.

"ಏ ದಾಬೇರಾಮ, ನಿನ್ ಗಾಡೀಲಿ ಸೇಬು ಕೂರುತ್ತೆ, ಸಿಮೆಂಟು ಕೂರುತ್ತೆ, ಪರಸರಾಮನ ಕುಂಟ ಕುರೀನೂ ಕೂತಿತ್ತು. ಭಾಭೀಗೆ ಮಾತ್ರ ಜಾಗ ಸಾಲಲ್ವೇನೋ?"

"ಅವಳಿಗೆ ನಡೆಯೋದು ಇಷ್ಟ," ಅಂದ ದಾಬೇರಾಮ.

"ಬಿಡಪ್ಪ. ನಿನ್ ಜೊತೆ ಇಷ್ಟು ವರ್ಷ ಬಾಳಿದೋಳಿಗೆ ನಡೆಯೋದು ಯಾವ ಲೆಕ್ಕ!"

ದಾಬೇರಾಮ ಬೆಂಚಿನ ತುದಿಗೆ ಬಂದು ಕೂತು ಚಹಾ ತರಿಸಿಕೊಂಡ. ಕಾರಣ ಊರಿಗೆಲ್ಲ ಗೊತ್ತಿತ್ತು. ಹೋದ ಮಳೆಗಾಲದಲ್ಲಿ ಖಿಮಿ ತುಪ್ಪದ ಮಡಕೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯಲ್ಲಿ ಕೂತಿದ್ದಾಗ, ಅಕ್ರೋಟು ಮರದ ತಿರುವಿನಲ್ಲಿ ಗಾಡಿ ಏರಲಾರದೆ ಹಿಂದಕ್ಕೆ ಜಾರಿತು. ದಾಬೇರಾಮ ಚಕ್ರಕ್ಕೆ ಕಲ್ಲು ಕೊಡಲು ಕೆಳಗಿಳಿದ. ಗಾಡಿ ಖಿಮಿಯನ್ನೂ ತುಪ್ಪವನ್ನೂ ಕರೆದುಕೊಂಡು ಹೋಗಿ ಅಕ್ರೋಟು ಮರಕ್ಕೆ ಬೆನ್ನು ಕೊಟ್ಟು ನಿಂತಿತು. ಯಾರಿಗೂ ಏನೂ ಆಗಲಿಲ್ಲ, ತುಪ್ಪ ಕೂಡ ಚೆಲ್ಲಲಿಲ್ಲ. ಆದರೆ ಅವಳು ಇಳಿದವಳು ಮತ್ತೆ ಹತ್ತಲಿಲ್ಲ. ಅವನ ಗಾಡಿಯ ಟೈರು ಆಗಲೇ ಸವೆದಿತ್ತು, ಈಗಂತೂ ಮುಡಿ ಕೊಟ್ಟವರ ತಲೆಯ ಹಾಗೆ ನುಣ್ಣಗಾಗಿತ್ತು. ಟೈರಿನಿಂದ ಹೋದ ಮರ್ಯಾದೆ ಟೈರಿನಿಂದಲೇ ಬರಬೇಕು ಎಂದು ದಾಬೇರಾಮ ತೀರ್ಮಾನ ಮಾಡಿದ್ದ.

ಅದಕ್ಕೆ ಗಡುವೂ ಬಂದಿತ್ತು. ಖಿಮಿಯ ತಮ್ಮ ಟಿಕ್ಕಮನಿಗೆ ಹೆಣ್ಣುಮಕ್ಕಳ ಬೆನ್ನಿಗೆ ತಡವಾಗಿ ಒಬ್ಬ ಮಗ ಹುಟ್ಟಿದ್ದ. ಅವನ ಚೌಲಕ್ಕೆ ಆಷಾಢದಲ್ಲಿ ಒಂದು ಶುಕ್ರವಾರವನ್ನು ಖಿಮಿಯ ತವರೂರು ಕಂಢೀಗಾಡಿನ ದೇವಿಯೇ ಹೇಳಿಯಾಗಿತ್ತು. ಮಗುವಿನ ಮೊದಲ ಕೂದಲು ಸೋದರತ್ತೆಯ ಮಡಿಲಿಗೇ ಬೀಳಬೇಕು. ಖಿಮಿ ಹೋಗದೆ ಆಗುವುದಿಲ್ಲ. ಕಂಢೀಗಾಡಿಗೆ ಬಸ್ಸಿಲ್ಲ.

"ನಡ್ಕೊಂಡು ಹೋಗ್ತೀನಿ. ಬೆಟ್ಟ ಹತ್ತಿ ಇಳಿದ್ರೆ ಬೆಳಗಿಂದ ಸಂಜೆ," ಎಂದಿದ್ದಳು.

ಮನೆಯಲ್ಲಿ ಗಾಡಿ ಇಟ್ಟುಕೊಂಡವನ ಹೆಂಡತಿ, ಮಂಡಿವರೆಗೆ ಕೆಸರು ಮಾಡಿಕೊಂಡು, ತವರಿನ ಇಡೀ ನೆಂಟರ ಎದುರು ನಡೆದು ಬರುವುದನ್ನು ದಾಬೇರಾಮ ರಾತ್ರಿ ಕನಸಿನಲ್ಲಿ ಕಂಡು ಬೆವರಿದ್ದ.

ಅಂದೇ ಅವನು ಕೆಳಗಿನ ಪೇಟೆ ಭುಂತರಿನ ಟೈರಂಗಡಿಗೆ ಇಳಿದ. ಅಂಗಡಿಯ ನಿರ್ವೈಲ್ ಸಿಂಗ್ ದಪ್ಪ ಮನುಷ್ಯ. ಟೈರುಗಳ ನಡುವೆ ಕೂತರೆ ಯಾವುದು ಟೈರು ಯಾವುದು ಸರ್ದಾರ ಎಂದು ಹುಡುಕಬೇಕು. ಅವನು ಹಳೆಯ ಟೈರಿನ ಗೀರಿಗೆ ಬೆಂಕಿಕಡ್ಡಿ ಇಟ್ಟು ನೋಡಿದ. ಕಡ್ಡಿ ಪೂರ್ತಿ ಹೊರಗೇ ಉಳಿಯಿತು.

"ಪ್ರಾಜೀ, ಇದರ ಮೇಲೆ ಗಾಡಿ ಓಡ್ಸಿದ್ರೋ, ಇಲ್ಲಾ ರೊಟ್ಟಿ ಲಟ್ಟಿಸಿದ್ರೋ?"

"ಹೊಸದು ತೋರಿಸಿ, ಸರ್ದಾರ್‌ಜೀ. ಜಾರಬಾರದು, ಅಷ್ಟೇ."

"ಎಲ್ಲಿ ಜಾರಬಾರದು? ಅದು ಹೇಳಿ ಮೊದ್ಲು." ನಿರ್ವೈಲ್ ಸಿಂಗ್ ಒಂದು ಟೈರನ್ನು ತಟ್ಟಿದ. ಅದರ ಮೈತುಂಬ ಹೆಬ್ಬೆರಳಿನಷ್ಟು ಗುಬುಟುಗಳು, ಗುಬುಟುಗಳ ನಡುವೆ ಕೈ ಹೋಗುವಷ್ಟು ಸಂದು. "ಇದು ಕೆಸರಿನ ಟೈರು. ಕರಡಿ ಇದ್ದಂಗೆ. ಮಣ್ಣು ಕಂಡ್ರೆ ಉಗುರು ಹಾಕುತ್ತೆ, ಮೆತ್ತಿದ ಮಣ್ಣನ್ನ ತಾನೇ ಕೊಡವಿ ಎಸೆಯುತ್ತೆ. ಆದ್ರೆ ಕರಡೀನ ಹೈವೇಗೆ ಕರ್ಕೊಂಡು ಬಂದ್ರೆ ಏನ್ಮಾಡುತ್ತೆ? ಕುಣಿಯುತ್ತೆ. ಗುಂಯ್ ಅಂತ ಹಾಡುತ್ತೆ. ಮಳೇಲಿ ಡಾಂಬರಿನ ಮೇಲೆ ಬ್ರೇಕು ಹಾಕಿದ್ರೆ ನಿಲ್ಲೋಕೆ ಮುಂಚೆ ಯೋಚನೆ ಮಾಡುತ್ತೆ."

ಆಮೇಲೆ ಇನ್ನೊಂದನ್ನು ಉರುಳಿಸಿಕೊಂಡು ಬಂದ. ಉದ್ದುದ್ದ ಗೀರುಗಳು, ಬಾಚಿದ ತಲೆಯ ಹಾಗೆ. "ಇದು ಹೈವೇದು. ಆಫೀಸಿನ ಬಾಬು. ಒದ್ದೆ ಡಾಂಬರಲ್ಲೂ ಹಿಡಿಯುತ್ತೆ, ಸದ್ದಿಲ್ಲ, ಬೇಗ ಸವೆಯಲ್ಲ. ಕೆಸರಿಗೆ ಇಳಿಸಿದ್ರೆ ಗೀರಲ್ಲಿ ಮಣ್ಣು ತುಂಬ್ಕೊಂಡು ಸೋಪಾಗಿ ಕೂರುತ್ತೆ."

"ನಂದು ಮೇಲೆ ಕೆಸರು, ಕೆಳಗೆ ಹೈವೇ."

"ಹಾಗಾದ್ರೆ ಇದು ತಗೊಳ್ಳಿ." ಮೂಲೆಯಿಂದ ಮೂರನೆಯದನ್ನು ಎಳೆದ. ಗುಬುಟಿತ್ತು, ಆದರೆ ಗಿಡ್ಡ. ಗೀರಿತ್ತು, ಆದರೆ ಸೊಟ್ಟ. "ಎರಡಕ್ಕೂ ಆಗೋದು. ಒಂದೇ ಜೋಡಿ ಚಪ್ಪಲೀಲಿ ಹೊಲಕ್ಕೂ ಹೋಗಿ ಮದುವೆಗೂ ಹೋಗ್ತೀವಲ್ಲ ನಾವು, ಹಂಗೆ. ಸುಳ್ಳು ಹೇಳಲ್ಲ: ಕೆಸರಲ್ಲಿ ಕರಡಿಗಿಂತ ಕಮ್ಮಿ, ಡಾಂಬರಲ್ಲಿ ಬಾಬುಗಿಂತ ಕಮ್ಮಿ. ಆದ್ರೆ ಎಲ್ಲೂ ಪೂರಾ ಕೈ ಕೊಡಲ್ಲ."

ದಾಬೇರಾಮನಿಗೆ ಅದು ಹಿಡಿಸಲಿಲ್ಲ. ಅತ್ತಲೂ ಕಮ್ಮಿ, ಇತ್ತಲೂ ಕಮ್ಮಿ ಎಂದು ಮಾರುವವನೇ ಹೇಳುವ ಮಾಲನ್ನು ಹೆಂಡತಿಯ ಮುಂದೆ ಹೇಗೆ ತೆಗೆದುಕೊಂಡು ಹೋಗುವುದು? "ಕೇಳಿಕೊಂಡು ಬರ್ತೀನಿ," ಅಂದ.

"ಮನೇವ್ರನ್ನಾ?"

"ದೇವರನ್ನ."

ನಿರ್ವೈಲ್ ಸಿಂಗ್‌ಗೆ ಆಶ್ಚರ್ಯವಾಗಲಿಲ್ಲ. ಆ ಕಣಿವೆಯಲ್ಲಿ ಅಷ್ಟು ವರ್ಷ ಟೈರು ಮಾರಿದ್ದ. "ಕೇಳಿ ಕೇಳಿ. ಸೈಜು ಮರೀಬೇಡಿ," ಎಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟ.

ಬಾಹಲೀಧಾರಿನ ದೇವರು ಮಾತಾಡುವುದು ಲಗ್ನುರಾಮ ಚಾಚಾನ ಬಾಯಲ್ಲಿ. ಮೈಮೇಲೆ ದೇವರು ಬಂದಾಗ ಅವನು ಜಟೆ ಬಿಚ್ಚಿ ನಡುಗುತ್ತಾನೆ. ಬಾರದಾಗ ಬೀಡಿ ಸೇದುತ್ತ ಎಮ್ಮೆ ಕಾಯುತ್ತಾನೆ. ಮರುದಿನ ದಾಬೇರಾಮ ಟೋಪಿ ಸರಿಮಾಡಿಕೊಂಡು ಗುಡಿಯ ಅಂಗಳದಲ್ಲಿ ಕೈಮುಗಿದು ನಿಂತು, ಕೆಸರಿನದೋ ಹೈವೇದೋ ಎಂದು ಕೇಳಿದ. ಚಾಚಾ ನಡುಗಿ, ಅವನ ಅಂಗೈಗೆ ಅಕ್ಕಿ ಕಾಳು ಎಸೆದ. ಬೆಸ ಬಂತು. ಬೆಸ ಎಂದರೆ ಶುಭ.

"ನನ್ನ ಮಣ್ಣು ಹಿಡಿದವನಿಗೆ ನಾನು ಇದ್ದೇನೆ," ಎಂದಿತು ದೇವರು.

ಅಂದರೆ ಕೆಸರಿನ ಟೈರು. ಲಗ್ನುರಾಮನ ಮನೆ ಇರುವುದು ಕೆಸರು ದಾರಿಯ ತುತ್ತತುದಿಯಲ್ಲಿ ಎಂಬುದನ್ನು ಆಗ ಯಾರೂ ನೆನೆಯಲಿಲ್ಲ.

ದಾಬೇರಾಮ ಸಂತೋಷದಿಂದ ಮನೆಗೆ ಬಂದರೆ ಖಿಮಿ ರಾಜ್ಮಾ ಆರಿಸುತ್ತ ಕೂತಿದ್ದಳು. ತಲೆಯೆತ್ತದೆ ಹೇಳಿದಳು: "ಟಿಕ್ಕಮನ ಫೋನ್ ಬಂದಿತ್ತು. ಅಕ್ಕ ನಡ್ಕೊಂಡು ಬಂದ್ರೆ ನಮ್ಮೂರಿಗೆ ಅವಮಾನ ಅಂತ ಅವನು ದೇವೀನ ಕೇಳಿದ್ನಂತೆ. 'ನನ್ನ ಮಗಳು ನುಣ್ಣನೆ ದಾರೀಲಿ ಬರಲಿ' ಅಂದ್ಲಂತೆ ದೇವಿ. ಹೈವೇ ಟೈರೇ ಹಾಕಿಸಬೇಕಂತೆ."

ಕಂಢೀಗಾಡಿಗೆ ಹೋದ ವರ್ಷವಷ್ಟೇ ಡಾಂಬರು ಬಿದ್ದಿತ್ತು. ದೇವಿ ತನ್ನ ರಸ್ತೆಯನ್ನು ನೋಡಿ ಹೇಳಿದ್ದಳು, ದೇವರು ತನ್ನ ರಸ್ತೆಯನ್ನು ನೋಡಿ ಹೇಳಿದ್ದ. ನಡುವೆ ಸಿಕ್ಕಿಕೊಂಡವನು ದಾಬೇರಾಮ.

"ನೀನೇನಂತೀಯೆ?" ಎಂದು ಕೇಳಿದ.

"ನನ್ನನ್ನ ಯಾರು ಕೇಳಿದ್ರು? ದೇವರುಗಳೇ ಮಾತಾಡ್ಕೊಂಡಿದಾರಲ್ಲ," ಎಂದು ಅವಳು ಹುಳುಕು ಕಾಳೊಂದನ್ನು ಅಂಗಳಕ್ಕೆ ಎಸೆದಳು.

ಅವನು ಇಡೀ ರಾತ್ರಿ ಹೊರಳಾಡಿ ದಾರಿ ಕಂಡುಕೊಂಡ. ಎರಡು ಹೈವೇ ಟೈರು, ಎರಡು ಕೆಸರಿನ ಟೈರು. ತಳ್ಳುವುದು ಹಿಂದಿನ ಚಕ್ರ, ಅದಕ್ಕೆ ಗುಬುಟು ಇರಲಿ. ತಿರುಗುವುದು ಮುಂದಿನದು, ಅದಕ್ಕೆ ಗೀರು. ಲಾರಿಯವರೂ ಹಾಗೇ ಮಾಡುತ್ತಾರೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ನಿರ್ವೈಲ್ ಸಿಂಗ್ ಗಡ್ಡ ಕೆರೆದುಕೊಂಡರೂ ಹಾಕಿಕೊಟ್ಟ.

ಗಾಡಿ ಊರಿಗೆ ಬಂದು ಇನ್ನೂ ಎಂಜಿನ್ ಆರಿರಲಿಲ್ಲ, ಲಗ್ನುರಾಮ ಚಾಚಾ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ನಮ್ಮ ದೇವರು ಹೇಳಿದ ಟೈರು ಯಾವುದು?"

"ಹಿಂದಿಂದು, ಚಾಚಾ."

"ಮುಂದಿಂದು?"

"ಕಂಢೀಗಾಡಿನ ದೇವೀದು."

ಲಗ್ನುರಾಮನ ಬಾಯಿಂದ ಬೀಡಿ ಬಿತ್ತು. "ಅಂದ್ರೆ ನಿನ್ನ ಹೆಂಡತಿ ತವರಿನ ದೇವಿ ಮುಂದೆ, ನಮ್ಮ ದೇವರು ಅವಳ ಹಿಂದೆ! ದಸರಾ ಮೆರವಣಿಗೇಲಿ ಯಾರು ಮುಂದೆ ಅಂತ ನಮ್ಮ ಅಜ್ಜಂದಿರು ತಲೆ ಒಡೆಸ್ಕೊಂಡಿದಾರಲ್ಲೋ. ನೀನು ದಿನಾ ದೇವರನ್ನ ಹಿಂದೆ ಹಾಕ್ಕೊಂಡು ಸೇಬಿನ ಮಂಡಿಗೆ ಹೋಗ್ತೀಯಾ?"

ಇದು ದಾಬೇರಾಮನಿಗೆ ಹೊಳೆದೇ ಇರಲಿಲ್ಲ. ಅವನು ಹೆದರಿ, ಆ ಸಂಜೆಯೇ ಜಾಕಿ ಕೊಟ್ಟು, ಹಿಂದಿನದನ್ನು ಮುಂದಕ್ಕೂ ಮುಂದಿನದನ್ನು ಹಿಂದಕ್ಕೂ ಹಾಕಿದ. ಸುದ್ದಿ ಬೆಟ್ಟ ದಾಟಲು ಒಂದು ರಾತ್ರಿ ಸಾಕಾಯಿತು. ಬೆಳಿಗ್ಗೆ ಟಿಕ್ಕಮ ಯಾರದೋ ಬೈಕಿನ ಹಿಂದೆ ಕೂತು ಖುದ್ದಾಗಿ ಬಂದು ಇಳಿದ.

"ಭಾವ, ಚೌಲಕ್ಕೆ ಬನ್ನಿ, ಊಟ ಮಾಡಿ. ಈ ಗಾಡೀನ ಮಾತ್ರ ನಮ್ಮೂರ ಗಡಿಯೊಳಗೆ ತರಬೇಡಿ. ನಮ್ಮ ದೇವಿ ಯಾರ ಬೆನ್ನೂ ನೋಡ್ಕೊಂಡು ಬಂದೋಳಲ್ಲ."

"ಹಾಗಾದ್ರೆ ಪಕ್ಕಪಕ್ಕ ಹಾಕ್ತೀನಪ್ಪ," ಅಂದ ದಾಬೇರಾಮ ಅಳುವ ದನಿಯಲ್ಲಿ. "ಒಂದು ಕಡೆ ಎರಡೂ ದೇವರದು, ಇನ್ನೊಂದು ಕಡೆ ಎರಡೂ ದೇವೀದು. ಹಿಂದೂ ಇಲ್ಲ, ಮುಂದೂ ಇಲ್ಲ."

ಪಕ್ಕದಲ್ಲೇ ನಿಂತಿದ್ದ ಲಗ್ನುರಾಮ ಒಪ್ಪಿದ. "ಸರಿ. ದೇವಿ ಎಡಕ್ಕೆ, ದೇವರು ಬಲಕ್ಕೆ. ಗಂಡಹೆಂಡಿರು ಕೂತಂಗೆ."

"ಛೀ ಛೀ! ಏನ್ ಬಾಯಿ ಚಾಚಾ ನಿಂದು!" ಟಿಕ್ಕಮ ಕಿವಿ ಮುಚ್ಚಿಕೊಂಡ. "ನಮ್ಮ ದೇವಿ ನಿಮ್ಮ ದೇವರಿಗೆ ದೊಡ್ಡಕ್ಕ. ಹಾಲಲ್ಲಿ ಸ್ನಾನ ಮಾಡಿಸಿ ಬೆಳೆಸಿದೋಳು."

ಅದು ನಿಜವೇ ಆಗಿತ್ತು. ಎರಡೂ ಊರಿನ ಹಾಡಿನಲ್ಲಿ ಹಾಗೇ ಇತ್ತು. ಲಗ್ನುರಾಮ ನಾಲಿಗೆ ಕಚ್ಚಿಕೊಂಡ. ದೊಡ್ಡಕ್ಕ ಎಂದ ಮೇಲೆ ಬಲಗಡೆ ಅವಳದೇ. ದಾಬೇರಾಮ ಮತ್ತೆ ಜಾಕಿ ತೆಗೆದ. ಅಷ್ಟು ಹೊತ್ತಿಗೆ ಚಕ್ರದ ನಟ್ಟುಗಳು ಪಾನಾ ಕಂಡರೆ ತಾವಾಗಿ ಬಿಚ್ಚಿಕೊಳ್ಳುವಷ್ಟು ಪಳಗಿದ್ದವು. ಬಲಕ್ಕೆ ಎರಡು ಗೀರಿನ ಟೈರು, ಎಡಕ್ಕೆ ಎರಡು ಗುಬುಟಿನದು. ಗಾಡಿ ಒಂದು ಕಾಲಿಗೆ ಗಂಬೂಟು, ಒಂದು ಕಾಲಿಗೆ ಪಾಲಿಶ್ ಬೂಟು ಹಾಕಿಕೊಂಡವನ ಹಾಗೆ ವಾಲಿ ನಿಂತಿತು.

ಸರಿಯಾಗಿದೆಯೇ ಎಂದು ನೋಡಲು ಎರಡೂ ಕಡೆಯವರು ಕೂತೇ ಹೋಗಬೇಕೆಂದಾಯಿತು. ಕಿಟಕಿಯ ಸೀಟು ವಯಸ್ಸಿನ ಮರ್ಯಾದೆಗೆ ಲಗ್ನುರಾಮನಿಗೆ ಹೋಯಿತು. ಟಿಕ್ಕಮ ಗೇರಿನ ಕೋಲನ್ನು ಮೊಣಕಾಲುಗಳ ನಡುವೆ ಹಿಡಿದು ಮಧ್ಯೆ ಕೂತ. ಚಹಾದಂಗಡಿಯ ಬೆಂಚು ಪೂರ್ತಿ ಎದ್ದು ಬಂದು ದಾರಿಯ ಮೇಲೆ ನಿಂತಿತು. ಖಿಮಿ ಮನೆಯ ಮಾಳಿಗೆಯ ಮೇಲೆ ಜರ್ದಾಳು ಒಣಹಾಕುತ್ತಿದ್ದಳು. ದಾಬೇರಾಮ ಅವಳು ನೋಡುತ್ತಿದ್ದಾಳೆಯೇ ಎಂದು ಕನ್ನಡಿಯಲ್ಲಿ ನೋಡಿದ. ನೋಡುತ್ತಿದ್ದಳು. ಅವನು ಎದೆಯುಬ್ಬಿಸಿ ಗೇರು ಹಾಕಿದ.

ಗಾಡಿ ಹೊರಟಿತು. ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಎಡಗಡೆಯ ಟೈರು ಮಣ್ಣಿಗೆ ಕಚ್ಚಿ ಎಳೆಯಿತು, ಬಲಗಡೆಯದು ಕೆಸರು ತುಂಬಿಕೊಂಡು ಜಾರಿತು. ಸ್ಟೀರಿಂಗು ಬಲಕ್ಕೆ ತಿರುಗಿದ್ದರೂ ಗಾಡಿ ಎಡಕ್ಕೆ ನಡೆಯಿತು. ವೇಗವೇನೂ ಇರಲಿಲ್ಲ, ಕೋಳಿ ಬೇಕಾದರೆ ಮುಂದೆ ಹೋಗಬಹುದಿತ್ತು.

"ಬಲಕ್ಕೆ, ಬಲಕ್ಕೆ!" ಅಂದ ಲಗ್ನುರಾಮ.

"ನೋಡಿದ್ಯಾ, ನಿಮ್ಮ ದೇವರೇ ಎಳೀತಿರೋದು!" ಅಂದ ಟಿಕ್ಕಮ.

ಬೆಟ್ಟದ ಬದಿಯ ಚರಂಡಿ ನಿಧಾನವಾಗಿ ಹತ್ತಿರ ಬಂತು. ಚರಂಡಿಯ ತುಂಬ ಆಳೆತ್ತರದ ತುರಿಕೆ ಸೊಪ್ಪು. ಎಡಚಕ್ರಗಳು ಅದರೊಳಗೆ ಇಳಿಯುವುದಕ್ಕೂ ಬಲಗಡೆಯ ಬಾಗಿಲು ಫಟ್ಟನೆ ತೆರೆಯುವುದಕ್ಕೂ ಸರಿಹೋಯಿತು. ದಾಬೇರಾಮ ಕಪ್ಪೆಯ ಹಾಗೆ ಹಾರಿ ದಾರಿಯ ಆಚೆ ಅಂಚಿನಲ್ಲಿ ನಿಂತಿದ್ದ. ಗಾಡಿ ಅವನಿಲ್ಲದೆ ಸ್ವಲ್ಪ ದೂರ ಹೋಗಿ, ಎಡಕ್ಕೆ ಒರಗಿ, ಕೆಮ್ಮಿ, ನಿಂತಿತು. ತುರಿಕೆ ಸೊಪ್ಪು ಕಿಟಕಿಯಿಂದ ಒಳಗೆ ಬಗ್ಗಿ ಲಗ್ನುರಾಮನ ಮುಖ ಸವರಿತು. ಅವನ ಮೇಲೆ ಟಿಕ್ಕಮ ಬಿದ್ದಿದ್ದ.

"ಅಯ್ಯೋ, ಮುಖ! ಮುಖ! ಏಳೋ ನನ್ ಮೇಲಿಂದ!"

"ಎಲ್ಲಿಗೆ ಏಳಲಿ ಚಾಚಾ, ಗೇರು ಚುಚ್ಚಿಕೊಂಡಿದೆ!"

ಜನ ನಗಲು ಬಾಯಿ ತೆರೆದಿದ್ದರು, ಅಷ್ಟರಲ್ಲಿ ಖಿಮಿ ಮಾಳಿಗೆಯಿಂದ ಇಳಿದು ಬಂದಳು. ಕೈಯಲ್ಲಿ ಇನ್ನೂ ಜರ್ದಾಳು ಹಿಡಿದಿದ್ದಳು. ಗಾಡಿಯನ್ನು ನೋಡಲಿಲ್ಲ. ಗಾಡಿ ಎಲ್ಲಿದೆ, ಗಂಡ ಎಲ್ಲಿದ್ದಾನೆ, ನಡುವೆ ಎಷ್ಟು ಜಾಗವಿದೆ ಎಂದು ನೋಡಿದಳು.

"ಎಲ್ರೂ ನೋಡಿದ್ರಾ?" ಎಂದಳು. "ಹೋದ ವರ್ಷ ನಾನೊಬ್ಳೇ ನೋಡಿದ್ದೆ."

"ಕಲ್ಲು... ಚಕ್ರಕ್ಕೆ ಕಲ್ಲು ಕೊಡೋಣ ಅಂತ..." ಎಂದ ದಾಬೇರಾಮ.

"ಎಲ್ಲಿ ಕಲ್ಲು?"

ಅವನು ಎರಡೂ ಕೈ ನೋಡಿಕೊಂಡ. ಖಾಲಿ.

"ಟೈರು ಜಾರಿದ್ದಕ್ಕೆ ನಾನು ಹತ್ತದೆ ಇದೀನಿ ಅಂತ ಊರೂರಿನ ದೇವರನ್ನ ಎಬ್ಬಿಸಿದ್ರಿ. ಮಳೇಲಿ ಟೈರು ಜಾರದೆ ಇನ್ನೇನು ಮಾಡುತ್ತೆ? ನಿಮ್ಮ ಕಾಲು ಜಾರೋದಕ್ಕೆ ಭುಂತರಲ್ಲಿ ಏನಾದ್ರೂ ಮಾರ್ತಾರಾ ಕೇಳಿ."

ಚಹಾದಂಗಡಿಯ ಬೆಂಚಿನವರು ಎರಡು ದಿನ ನಗುವಷ್ಟು ಒಟ್ಟಿಗೇ ನಕ್ಕರು. ಕಲ್ಲು ತರಲು ಇಳಿದೆ ಎಂದು ದಾಬೇರಾಮ ಊರಿಗೆ ಹೇಳಿದ್ದ, ಹೇಳುತ್ತ ಹೇಳುತ್ತ ತಾನೂ ನಂಬಿದ್ದ. ಈಗ ಕಾಲುಗಳನ್ನು ನೋಡಿದರೆ ಅವು ಬೇರೆಯವರ ಕಾಲುಗಳ ಹಾಗೆ ಕಂಡವು.

ಎಲ್ಲರೂ ಸೇರಿ ಇಬ್ಬರನ್ನೂ ಹೊರಗೆಳೆದರು. ಲಗ್ನುರಾಮನ ಮುಖ ಊದಿ ಕಣ್ಣು ಒಳಗೆ ಹೋಗಿದ್ದವು. ಖಿಮಿ ಅದಕ್ಕೆ ಮಜ್ಜಿಗೆ ಹಚ್ಚಿದಳು. ಹಚ್ಚುತ್ತಿದ್ದಾಗ ಅವನು ಮೆಲ್ಲನೆ ಹೇಳಿದ:

"ದೇವರು ಮಣ್ಣು ಹಿಡಿದವನಿಗೆ ನಾನಿದೀನಿ ಅಂದ. ದೇವಿ ನುಣ್ಣನೆ ದಾರಿ ಅಂದ್ಲು. ಬೇರೆ ಬೇರೆ ಟೈರಲ್ಲಿ ಅಂತ ಇಬ್ರೂ ಹೇಳ್ಲಿಲ್ಲ. ಹೇಳಿದ್ದು ನಾವು."

"ಚಾಚಾ, ಈಗ ದೇವರು ಮಾತಾಡ್ತಿರೋದಾ, ನೀನಾ?" ಎಂದು ಕೇಳಿದ ಟಿಕ್ಕಮ, ತೊಡೆ ಉಜ್ಜಿಕೊಳ್ಳುತ್ತ.

"ತುರಿಕೆ ಮಾತಾಡ್ತಿದೆ ಕಣೋ. ಒಂದೇ ಥರದ್ದು ನಾಲ್ಕು ಹಾಕಿಸಲಿ. ಯಾರೂ ಮುಂದಿಲ್ಲ, ಯಾರೂ ಹಿಂದಿಲ್ಲ."

ದಾಬೇರಾಮ ಮತ್ತೆ ಭುಂತರಿಗೆ ಹೋದ. ನಿರ್ವೈಲ್ ಸಿಂಗ್ ಟೈರಿನ ಸಂದಿನಿಂದ ತುರಿಕೆ ಸೊಪ್ಪನ್ನು ಬರಿಗೈಯಲ್ಲಿ ತೆಗೆದು, ಪಂಜಾಬಿಯಲ್ಲಿ ಏನೋ ಹೇಳಿ, ಕೈಯನ್ನು ನೀರಿನ ತೊಟ್ಟಿಗೆ ಅದ್ದಿ ನಿಂತ. ಆಮೇಲೆ ಮೂಲೆಯಲ್ಲಿದ್ದ ಗಿಡ್ಡ ಗುಬುಟಿನ, ಸೊಟ್ಟ ಗೀರಿನ ಟೈರನ್ನೇ ನಾಲ್ಕೂ ಚಕ್ರಕ್ಕೆ ಹಾಕಿದ. "ಕೆಸರಲ್ಲಿ ಗಾಳಿ ಸ್ವಲ್ಪ ಇಳಿಸಿ, ಡಾಂಬರು ಸಿಕ್ಕಿದ ಮೇಲೆ ತುಂಬಿಸಿಕೊಳ್ಳಿ. ಒಂದನೇ ಗೇರಲ್ಲಿ, ಕ್ಲಚ್ಚು ಮುಟ್ಟದೆ ಏರಿಸಿ. ಇದಕ್ಕಿಂತ ಜಾಸ್ತಿ ಟೈರಿಗೆ ಗೊತ್ತಿಲ್ಲ, ಪ್ರಾಜೀ."

ಗಾಡಿ ಬಂದ ಮೇಲೆ ಖಿಮಿ ಹೊರಗೆ ಬಂದು ಕುಕ್ಕರಗಾಲಲ್ಲಿ ಕೂತು ಟೈರಿನ ಗೀರಿಗೆ ಬೆರಳು ತೂರಿಸಿ ನೋಡಿದಳು. ಹೊಸ ಎಮ್ಮೆಯ ಹಲ್ಲು ನೋಡುವ ಹಾಗೆ ನಾಲ್ಕನ್ನೂ ನೋಡಿದಳು.

"ಟೈರು ಆಯ್ತು," ಎಂದಳು.

ದಾಬೇರಾಮನಿಗೆ ಉಳಿದ ಮಾತು ಕೇಳಿಸಿತು. ತಗ್ಗಿದ ದನಿಯಲ್ಲಿ ಹೇಳಿದ: "ನಾನು ಹಾರಲ್ಲ."

"ನೀವು ಹಾರಲ್ಲ ಅಂದ್ರೂ ನಿಮ್ಮ ಕಾಲಿಗೆ ಅದು ಗೊತ್ತಿರ್ಬೇಕಲ್ಲ. ಒಂದು ಮಾತು ಹೇಳ್ತೀನಿ. ಕಲ್ಲು ನನ್ ಹತ್ರ ಇರುತ್ತೆ. ಗಾಡಿ ಜಾರಿದ್ರೆ ಇಳಿದು ಕಲ್ಲು ಕೊಡೋಳು ನಾನು. ನೀವು ಬ್ರೇಕು ತುಳ್ಕೊಂಡು ಕೂತಿರಿ. ಒಪ್ಪಿಗೆ ಇದ್ರೆ ಬರ್ತೀನಿ."

"ಜನ ನಗ್ತಾರಲ್ಲೇ."

"ಈಗೇನು ಅಳ್ತಿದಾರಾ?"

ಚೌಲದ ಹಿಂದಿನ ದಿನ ಬೆಳಿಗ್ಗೆ ಅವಳು ಹೊಸ ಉಣ್ಣೆಯ ಪಟ್ಟು ಉಟ್ಟು, ಮೂಗಿಗೆ ದೊಡ್ಡ ನತ್ತು ಇಟ್ಟು, ತೊಡೆಯ ಮೇಲೆ ಹಲಸಿನ ಹೋಳಿನಷ್ಟು ಕಲ್ಲನ್ನು ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ರಾತ್ರಿ ಮಳೆ ಬಂದಿತ್ತು. ಬೆಂಚಿನವರು ಬಾಯಿ ತೆರೆಯುವ ಮುಂಚೆ ಖಿಮಿಯೇ ತಲೆ ಹೊರಗೆ ಹಾಕಿ, "ಜಾಗ ಸಾಲ್ತು ಕಣ್ರೋ," ಅಂದಳು.

ಅಕ್ರೋಟು ಮರದ ತಿರುವಿನಲ್ಲಿ ದಾರಿ ಮೊದಲು ಇಳಿದು ಮತ್ತೆ ಕಡಿದಾಗಿ ಏರುತ್ತದೆ. ಕೆಸರು ರಾಗಿ ಹಿಟ್ಟಿನ ಅಂಬಲಿಯ ಹಾಗಿತ್ತು. ಒಂದನೇ ಗೇರಿನಲ್ಲಿ ಗಾಡಿ ಅರ್ಧ ಏರಿತು. ಹಿಂಭಾಗ ಗೇಣುದ್ದ ಪಕ್ಕಕ್ಕೆ ಸರಿಯಿತು. ದಾಬೇರಾಮನ ಬಲಗೈ ಸ್ಟೀರಿಂಗು ಬಿಟ್ಟು ಬಾಗಿಲಿನ ಹಿಡಿಯ ಕಡೆ ಹೋಯಿತು.

ಖಿಮಿ ಮುಂದಿನ ದಾರಿಯನ್ನೇ ನೋಡುತ್ತಿದ್ದಳು. "ಎಲ್ಲಿಗೆ?" ಎಂದಳು.

"ಎಲ್ಲಿಗೂ ಇಲ್ಲ," ಎಂದು ಅವನು ಕೈಯನ್ನು ತಂದು ಸ್ಟೀರಿಂಗಿನ ಮೇಲೆ ಇಟ್ಟ. ಕೈ ಅಲ್ಲಿಯೇ ಉಳಿಯಿತು. ಕ್ಲಚ್ಚು ಮುಟ್ಟಲಿಲ್ಲ. ಟೈರುಗಳು ಒಂದು ಸುತ್ತು ಸುಮ್ಮನೆ ತಿರುಗಿ, ಕೆಳಗಿನ ಗಟ್ಟಿ ನೆಲ ಹುಡುಕಿ, ಹಿಡಿದವು. ಗಾಡಿ ನಿಧಾನವಾಗಿ, ತುಂಬಿದ ಬಸುರಿಯ ಹಾಗೆ, ಮೇಲಕ್ಕೆ ಏರಿತು. ಡಾಂಬರು ರಸ್ತೆ ಮುಟ್ಟಿದ ಮೇಲೆ ಖಿಮಿ, "ಸದ್ದೇನೂ ಮಾಡಲ್ಲ ಅಲ್ವಾ, ಈ ಟೈರು," ಎಂದಳು. ದಾಬೇರಾಮನಿಗೆ ಅಷ್ಟು ಸಾಕಾಯಿತು.

ಲಗ್ನುರಾಮ ಚಾಚಾ ಮುಖದ ಊತ ಇಳಿದಿಲ್ಲವೆಂದು ಊರಲ್ಲೇ ಉಳಿದ. ಟಿಕ್ಕಮ ಮುಂಚೆಯೇ ಹೋಗಿದ್ದ. ಆಷಾಢದ ಆ ಗುರುವಾರ ಬಾಹಲೀಧಾರಿನಿಂದ ಹೋದವರು ಖಿಮಿ ಮತ್ತು ದಾಬೇರಾಮ, ಇಬ್ಬರೂ ಒಂದೇ ಗಾಡಿಯಲ್ಲಿ.